ಡಿಬಿಯ ಅಂಕಿಯೂ ಕಿಲುಬು ಹಿಡಿದ ಕೇಬಲ್ಲೂ: ಬೋಟಿಗೆ ವಿಎಚ್‌ಎಫ್ ಆಂಟೆನಾ ಆರಿಸುವ ಬಗೆ

(ಮೀನುಗಾರಿಕೆ ನಿಷೇಧದ ಅವಧಿ ಮುಗಿಯುವ ಮುನ್ನ, ಜುಲೈ ಕೊನೆಯಲ್ಲಿ, ಮಲ್ಪೆಯ ಬೋಟ್ ಮಾಲೀಕರು ಮತ್ತು ತಂಡೇಲರ, ಎಂದರೆ ಬೋಟ್ ನಡೆಸುವ ಮುಖ್ಯಸ್ಥರ, ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ಮಾನ್ಯರೇ, ಮಾತು ಆರಂಭಿಸುವ ಮೊದಲು ನನ್ನ ಕೈಯಲ್ಲಿರುವ ಈ ಕೇಬಲ್ ತುಂಡನ್ನು ಮುಂದಿನ ಸಾಲಿನಿಂದ ಹಿಂದಿನ ಸಾಲಿನವರೆಗೆ ಒಬ್ಬರಿಂದ ಒಬ್ಬರಿಗೆ ದಾಟಿಸಬೇಕೆಂದು ಕೇಳಿಕೊಳ್ಳುತ್ತೇನೆ. ಒಂದು ಗೇಣು ಉದ್ದದ ಈ ತುಂಡನ್ನು ಕಳೆದ ವಾರ ಒಂದು ಟ್ರಾಲ್‌ಬೋಟಿನ ಕ್ಯಾಬಿನ್ ಮೇಲಿನಿಂದ ಕತ್ತರಿಸಿ ತಂದಿದ್ದೇನೆ. ಹೊರಗಿನ ಕಪ್ಪು ಹೊದಿಕೆಯಲ್ಲಿ ಒಂದು ಗೀರೂ ಇಲ್ಲ. ಆದರೆ ನಾನು ಸೀಳಿಟ್ಟಿರುವ ಜಾಗದಲ್ಲಿ ಒಳಗೆ ನೋಡಿದರೆ, ಬಲೆಯ ಕಣ್ಣಿನಂತೆ ಹೆಣೆದಿದ್ದ ತಾಮ್ರದ ತಂತಿ ಹಸಿರುಗಟ್ಟಿದೆ. ಉಗುರಿನಿಂದ ಕೆರೆದರೆ ಪುಡಿಯಾಗಿ ಉದುರುತ್ತದೆ. ನಮ್ಮ ಅಜ್ಜಿಯಂದಿರು ಹುಣಸೆಹಣ್ಣು ಹಾಕಿ ತಿಕ್ಕಿ ತೆಗೆಯುತ್ತಿದ್ದ ಕಿಲುಬು ಇದೇ. ಈ ಬೋಟಿನ ಮಾಲೀಕರು ಎರಡು ವರ್ಷಗಳಲ್ಲಿ ಮೂರು ಆಂಟೆನಾ ಬದಲಿಸಿದ್ದರು. ಪ್ರತಿ ಸಲವೂ ಅಂಗಡಿಯಲ್ಲಿ ಮೊದಲಿಗಿಂತ ಹೆಚ್ಚು ಡಿಬಿಯದ್ದನ್ನೇ (ಡಿಬಿ, ಎಂದರೆ ಡೆಸಿಬೆಲ್, ಆಂಟೆನಾದ ಸಾಮರ್ಥ್ಯಕ್ಕೆ ಕೊಡುವ ಅಂಕಿ) ಕೊಟ್ಟರು. ಪ್ರತಿ ಸಲವೂ ಹತ್ತು ಕಿಲೋಮೀಟರ್ ಆಚೆಯ ಬೋಟಿಗೆ ಇವರ ಮಾತು ಕೇಳಲಿಲ್ಲ. ಮೂರೂ ಆಂಟೆನಾಗಳು ಸರಿಯಾಗಿಯೇ ಇದ್ದವು. ಅವುಗಳನ್ನು ವೈರ್‌ಲೆಸ್ಸಿಗೆ ಜೋಡಿಸಿದ್ದ ಕೇಬಲ್ ಮಾತ್ರ ಹಳೆಯದೇ ಉಳಿದಿತ್ತು.

ಆಂಟೆನಾ ಕೊಳ್ಳಲು ಹೊರಟವರೆಲ್ಲರೂ ನನ್ನಲ್ಲಿ ಕೇಳುವ ಮೊದಲ ಪ್ರಶ್ನೆ "ಎಷ್ಟು ಡಿಬಿಯದ್ದು ತೆಗೆದುಕೊಳ್ಳಲಿ?" ಎಂಬುದು. ನನ್ನ ಅಭಿಪ್ರಾಯದಲ್ಲಿ ಅದು ಮೂರನೆಯ ಪ್ರಶ್ನೆ. ಆಂಟೆನಾವನ್ನು ಎಷ್ಟು ಎತ್ತರದಲ್ಲಿ, ಯಾವ ಜಾಗದಲ್ಲಿ ನಿಲ್ಲಿಸಲು ಸಾಧ್ಯ ಎಂಬುದು ಮೊದಲನೆಯದು. ಅಲ್ಲಿಂದ ವೈರ್‌ಲೆಸ್‌ವರೆಗೆ ಯಾವ ಕೇಬಲ್ ಬರುತ್ತದೆ ಎಂಬುದು ಎರಡನೆಯದು. ಈ ಎರಡಕ್ಕೂ ಉತ್ತರ ಸಿಕ್ಕ ಮೇಲೆ ಡಿಬಿಯ ಪ್ರಶ್ನೆ ಬಹುಪಾಲು ತಾನಾಗಿಯೇ ಬಗೆಹರಿಯುತ್ತದೆ.

ಮೊದಲು ತರಂಗದ ಅಳತೆಯನ್ನು ನೋಡೋಣ. ಸಮುದ್ರಯಾನದ ವಿಎಚ್‌ಎಫ್ (ಅತಿ ಹೆಚ್ಚು ಆವರ್ತನದ ರೇಡಿಯೋ) ಸಂಪರ್ಕ ನಡೆಯುವುದು 156ರಿಂದ 162 ಮೆಗಾಹರ್ಟ್ಸ್ ವರೆಗಿನ ಪಟ್ಟಿಯಲ್ಲಿ. ಅಪಾಯದ ಕರೆಗೆಂದು ಮೀಸಲಾಗಿರುವ 16ನೇ ಚಾನೆಲ್ 156.8 ಮೆಗಾಹರ್ಟ್ಸ್‌ನಲ್ಲಿದೆ. ಆ ತರಂಗದ ಉದ್ದ ಲೆಕ್ಕ ಹಾಕಿದರೆ ಸುಮಾರು 1.91 ಮೀಟರ್ ಬರುತ್ತದೆ. ಇದನ್ನು ನೆನಪಿಟ್ಟುಕೊಳ್ಳಲು ಮೀಟರಿನ ಅಗತ್ಯವೇ ಇಲ್ಲ, ಏಕೆಂದರೆ ನೀರಿನ ಆಳವನ್ನು ತಾವು ಯಾವುದರಿಂದ ಅಳೆಯುತ್ತೀರೋ ಆ ಮಾರು, ಎರಡೂ ತೋಳು ಚಾಚಿದಷ್ಟು ಉದ್ದ, ಹೆಚ್ಚುಕಡಿಮೆ ಇಷ್ಟೇ ಆಗುತ್ತದೆ. ಹದಿನಾರನೇ ಚಾನೆಲಿನ ಒಂದು ಅಲೆ ಎಂದರೆ ಒಂದು ಮಾರು. ಅರ್ಧ ಅಲೆ ಎಂದರೆ ಎರಡು ಮೊಳ. ಕಾಲು ಅಲೆ ಎಂದರೆ ಒಂದು ಮೊಳ. ಆಂಟೆನಾ ತಯಾರಿಸುವವರು ಏನೇ ಚಮತ್ಕಾರ ಮಾಡಿದರೂ ಈ ಅಳತೆಗಳನ್ನು ಮೀರಲಾರರು.

ಒಂದು ಮೊಳದ ಆಂಟೆನಾ ಕೆಲಸ ಮಾಡಬೇಕಾದರೆ ಅದರ ಬುಡದಲ್ಲಿ ಲೋಹದ ಅಗಲವಾದ ಹಾಸು ಬೇಕು. ಟ್ಯಾಕ್ಸಿಯ ತಗಡಿನ ಮಾಡಿನ ಮೇಲೆ ಅದು ಚೆನ್ನಾಗಿ ನಡೆಯುತ್ತದೆ, ಮರದ ಅಥವಾ ಫೈಬರ್ ಬೋಟಿನ ಮೇಲೆ ನಡೆಯುವುದಿಲ್ಲ. ಎರಡು ಮೊಳದ್ದಕ್ಕೆ ಅಂಥ ಹಾಸು ಬೇಕಿಲ್ಲ. ಆದ್ದರಿಂದಲೇ ಬೋಟಿಗೆಂದು ಮಾರುವ ಆಂಟೆನಾಗಳು ಸುಮಾರು ಒಂದು ಮೀಟರ್ ಉದ್ದದಿಂದ ಆರಂಭವಾಗುತ್ತವೆ.

ಇನ್ನು ಎತ್ತರದ ವಿಚಾರ. ವಿಎಚ್‌ಎಫ್ ತರಂಗ ಭೂಮಿಯ ಉಬ್ಬನ್ನು ಬಳಸಿಕೊಂಡು ಹೋಗುವುದಿಲ್ಲ. ಕಣ್ಣಿನ ನೋಟದಂತೆ ನೇರವಾಗಿ, ನೋಟಕ್ಕಿಂತ ತುಸು ಮಾತ್ರ ಬಾಗಿ ಸಾಗುತ್ತದೆ. ಅದು ತಲುಪುವ ದೂರಕ್ಕೆ ಒಂದು ಸರಳ ಲೆಕ್ಕವಿದೆ. ನೀರಿನ ಮಟ್ಟದಿಂದ ಆಂಟೆನಾದ ಎತ್ತರ ಎಷ್ಟು ಮೀಟರೋ ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ಕಿಲೋಮೀಟರಿನಲ್ಲಿ ದಿಗಂತದ ದೂರ ಸಿಗುತ್ತದೆ. ಎದುರಿನವರ ಆಂಟೆನಾಕ್ಕೂ ಹೀಗೆಯೇ ಲೆಕ್ಕ ಹಾಕಿ ಎರಡನ್ನೂ ಕೂಡಿಸಬೇಕು. 4 ಮೀಟರ್ ಎತ್ತರದ ಆಂಟೆನಾಕ್ಕೆ 8.2 ಕಿಲೋಮೀಟರ್ ಬರುವುದರಿಂದ ಅಂಥ ಎರಡು ಬೋಟುಗಳ ನಡುವೆ ಹದಿನಾರು, ಹದಿನಾರೂವರೆ ಕಿಲೋಮೀಟರಿನ ಮಾತುಕತೆ ಸಾಧ್ಯ. ಎರಡನ್ನೂ 9 ಮೀಟರಿಗೆ ಏರಿಸಿದರೆ ಅದು 25 ಕಿಲೋಮೀಟರಿನ ಹತ್ತಿರಕ್ಕೆ, ಎಂದರೆ ಸುಮಾರು 13 ನಾಟಿಕಲ್ ಮೈಲಿಗೆ, ಏರುತ್ತದೆ. ದಡದಲ್ಲಿ ಸಮುದ್ರಮಟ್ಟದಿಂದ 100 ಮೀಟರ್ ಎತ್ತರದಲ್ಲಿ ಒಂದು ಆಂಟೆನಾ ಇದೆಯೆನ್ನಿ. ಅದರ ಪಾಲಿನ ದೂರವೇ 41 ಕಿಲೋಮೀಟರ್ ಆಗುವುದರಿಂದ, ತಮ್ಮ ಬೋಟಿನ ಆಂಟೆನಾ ತಗ್ಗಿನಲ್ಲಿದ್ದರೂ ದಡದವರೊಂದಿಗೆ ಮಾತು ನಡೆಯುತ್ತದೆ. ದಡಕ್ಕಿಂತ ಹತ್ತಿರದ ಬೋಟಿಗೆ ಕೇಳದ ಮಾತು ದಡಕ್ಕೆ ಕೇಳಿತಲ್ಲ ಎಂದು ಆಶ್ಚರ್ಯಪಡುವವರಿಗೆ ಉತ್ತರ ಇದೇ.

ಇಲ್ಲಿ ವರ್ಗಮೂಲ ಇರುವುದನ್ನು ಮರೆಯಬಾರದು. ದೂರ ಇಮ್ಮಡಿಯಾಗಬೇಕಾದರೆ ಎತ್ತರ ನಾಲ್ಕು ಮಡಿ ಆಗಬೇಕು. ಹಾಗಾಗಿ ಈಗಾಗಲೇ ಹತ್ತು ಮೀಟರ್ ಎತ್ತರದಲ್ಲಿರುವ ಆಂಟೆನಾವನ್ನು ಇನ್ನೊಂದು ಮೀಟರ್ ಏರಿಸಲು ಹೆಣಗುವುದರಲ್ಲಿ ಹೆಚ್ಚಿನ ಲಾಭವಿಲ್ಲ. ಆದರೆ ಕ್ಯಾಬಿನ್ನಿನ ಅಂಚಿಗೆ ಎರಡೂವರೆ ಮೀಟರ್ ಎತ್ತರದಲ್ಲಿ ಕಟ್ಟಿರುವುದನ್ನು ಐದು ಮೀಟರಿಗೆ ಏರಿಸಿದರೆ ಆಗುವ ಲಾಭವನ್ನು ಯಾವ ದುಬಾರಿ ಆಂಟೆನಾವೂ ಕೊಡಲಾರದು. ನಾಡದೋಣಿಯವರು ಇದನ್ನು ವಿಶೇಷವಾಗಿ ಗಮನಿಸಬೇಕು. ದೋಣಿಯಲ್ಲಿ ಕುಳಿತು ಕೈಯಲ್ಲಿ ಹಿಡಿದ ವಾಕಿಟಾಕಿಯ ಎತ್ತರ ನೀರಿನಿಂದ ಒಂದೂವರೆ ಮೀಟರ್ ಇದ್ದರೆ ಅದರ ದಿಗಂತ ಕೇವಲ 5 ಕಿಲೋಮೀಟರ್. ಅದರ ತಲೆಯ ಮೇಲಿನ ರಬ್ಬರ್ ಕಡ್ಡಿಯನ್ನು ತೆಗೆದು, ಆ ಜಾಗಕ್ಕೆ ಕೇಬಲ್ ಜೋಡಿಸಿ, ನೀರಿನಿಂದ 4 ಮೀಟರ್ ಎತ್ತರಕ್ಕೆ ಬಿದಿರಿನ ಗಳುವಿನ ತುದಿಯಲ್ಲಿ ಒಂದು ಮೀಟರಿನ ಆಂಟೆನಾ ಕಟ್ಟಿದರೆ ಅದೇ 5 ವಾಟಿನ ಉಪಕರಣ 8 ಕಿಲೋಮೀಟರ್ ದಾಟುತ್ತದೆ. ಅಷ್ಟೇ ಅಲ್ಲ, ತರಂಗವನ್ನು ಬಹುಪಾಲು ತನ್ನಲ್ಲೇ ನುಂಗಿಕೊಳ್ಳುವ ರಬ್ಬರ್ ಕಡ್ಡಿಯ ಕಾಟವೂ ತಪ್ಪುತ್ತದೆ.

ಇಷ್ಟು ಹೇಳಿದಾಗ ಯಾರಾದರೊಬ್ಬ ತಂಡೇಲರು ಎದ್ದು ನಿಂತು, "ನಾನು ನೂರೈವತ್ತು ಕಿಲೋಮೀಟರ್ ದೂರದ ಬೋಟಿನೊಂದಿಗೆ ಮಾತನಾಡಿದ್ದೇನೆ, ನಿಮ್ಮ ಲೆಕ್ಕ ತಪ್ಪು" ಎನ್ನುವುದುಂಟು. ಅವರ ಮಾತು ನಿಜ. ಮಳೆಗಾಲಕ್ಕೆ ಮುಂಚಿನ ಸೆಕೆಯ ತಿಂಗಳುಗಳಲ್ಲಿ ಒಣ ಬಿಸಿ ಗಾಳಿ ಸಮುದ್ರದ ತೇವದ ಗಾಳಿಯ ಮೇಲೆ ಹಾಸಿಕೊಂಡಾಗ ತರಂಗಗಳು ಆ ಎರಡು ಪದರಗಳ ನಡುವೆ ಕೊಳವೆಯಲ್ಲಿ ಸಾಗಿದಂತೆ ಬಹುದೂರ ಸಾಗುತ್ತವೆ. ಅರಬ್ಬಿ ಸಮುದ್ರ ಇದಕ್ಕೆ ಹೆಸರುವಾಸಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಬಾಂಬೆಯಲ್ಲಿದ್ದ ರೇಡಾರ್ ಒಂದು ಸಾವಿರ ಮೈಲಿಗೂ ಆಚೆಯ ಅರೇಬಿಯಾದ ಕರಾವಳಿಯನ್ನು ತೋರಿಸಿದ್ದು ದಾಖಲಾಗಿರುವ ಸಂಗತಿ. ಆದರೆ ಮಾರ್ಚ್‌ನ ರಾತ್ರಿ ಸಿಕ್ಕ ಈ ದೂರ ಹವೆಯ ಕೊಡುಗೆ, ಆಂಟೆನಾದ ಗುಣವಲ್ಲ. ಆಗಸ್ಟ್‌ನ ತೂಫಾನಿನಲ್ಲಿ ಆ ಕೊಳವೆ ಇರುವುದಿಲ್ಲ, ಸಹಾಯ ಬೇಕಾಗುವುದು ಆಗಲೇ. ಆದ್ದರಿಂದ ಆಂಟೆನಾವನ್ನು ಬೇಸಿಗೆಯ ಅನುಭವದಿಂದ ಅಳೆಯಬಾರದು.

ಈಗ ಡಿಬಿಗೆ ಬರುತ್ತೇನೆ. ಆಂಟೆನಾ ತಾನಾಗಿ ಒಂದು ವಾಟ್ ಶಕ್ತಿಯನ್ನೂ ಹುಟ್ಟಿಸುವುದಿಲ್ಲ. ವೈರ್‌ಲೆಸ್ ಕೊಟ್ಟ 25 ವಾಟನ್ನು ಯಾವ ದಿಕ್ಕಿಗೆ ಎಷ್ಟು ಹಂಚಬೇಕು ಎಂಬುದಷ್ಟೇ ಅದರ ಕೆಲಸ. ಒಂದು ಉಂಡೆ ಅಕ್ಕಿಹಿಟ್ಟನ್ನು ದಪ್ಪಗೆ ತಟ್ಟಿದರೆ ರೊಟ್ಟಿ ಚಿಕ್ಕದಾಗುತ್ತದೆ, ತೆಳ್ಳಗೆ ತಟ್ಟಿದರೆ ಅಗಲವಾಗುತ್ತದೆ, ಹಿಟ್ಟು ಮಾತ್ರ ಅಷ್ಟೇ. 3 ಡಿಬಿಯ ಆಂಟೆನಾ ದಪ್ಪ ರೊಟ್ಟಿ, 6 ಡಿಬಿಯದ್ದು ತೆಳು, 9 ಡಿಬಿಯದ್ದು ಇನ್ನೂ ತೆಳು. ಅರ್ಧ ಅಲೆಯ ಸರಳ ಆಂಟೆನಾದಲ್ಲಿ ಶಕ್ತಿ ಮೇಲಿಂದ ಕೆಳಕ್ಕೆ ಸುಮಾರು 78 ಡಿಗ್ರಿಗಳಷ್ಟು ಹರಡಿರುತ್ತದೆ. 6 ಡಿಬಿಯಲ್ಲಿ ಅದು ಅರ್ಧಕ್ಕೆ ಇಳಿಯುತ್ತದೆ. 9 ಡಿಬಿಯಲ್ಲಿ ಹೆಚ್ಚುಕಡಿಮೆ ಅದರ ಅರ್ಧಕ್ಕೆ. ಬೋಟು ನೆಟ್ಟಗೆ ನಿಂತಿರುವಾಗ ತೆಳು ರೊಟ್ಟಿ ದೂರ ತಲುಪುತ್ತದೆ. ಆದರೆ ಅಲೆಗೆ ಸಿಕ್ಕ ಬೋಟು ಇಪ್ಪತ್ತು, ಇಪ್ಪತ್ತೈದು ಡಿಗ್ರಿ ಮಗ್ಗುಲಿಗೆ ವಾಲಿದಾಗ ರೊಟ್ಟಿಯ ಒಂದು ಅಂಚು ನೀರಿನೊಳಕ್ಕೆ, ಇನ್ನೊಂದು ಅಂಚು ಆಕಾಶಕ್ಕೆ ಹೋಗುತ್ತದೆ. ಎದುರಿನವರಿಗೆ ಮಾತು ಬಂದು ಬಂದು ಹೋಗುವಂತೆ, ಅಲೆಯ ಲಯಕ್ಕೆ ಸರಿಯಾಗಿ ಏರಿಳಿಯುತ್ತ ಕೇಳಿಸಿದರೆ ಕಾರಣ ಇದೇ ಇರಬಹುದೆಂದು ಮೊದಲು ಅನುಮಾನಿಸಬೇಕು.

ಆದ್ದರಿಂದ ಯಾರಿಗೆ ಯಾವುದು ಎಂಬ ನನ್ನ ನಿಲುವು ಹೀಗಿದೆ. ಸಣ್ಣ ಅಲೆಗೂ ಓಲಾಡುವ ನಾಡದೋಣಿಗೆ ಒಂದು ಮೀಟರ್ ಉದ್ದದ 3 ಡಿಬಿಯದ್ದೇ ಸರಿ. ಕಂಬದ ತುದಿಯಲ್ಲಿ ಬಹಳ ಎತ್ತರದಲ್ಲಿ ಆಂಟೆನಾ ಇಡುವ, ಗಾಳಿಗೆ ವಾಲಿಕೊಂಡೇ ಸಾಗುವ ಹಾಯಿದೋಣಿಗೂ ಅದೇ. ಮಲ್ಪೆಯ ಟ್ರಾಲ್‌ಬೋಟು ಮತ್ತು ಪರ್ಸೀನ್ ಬೋಟುಗಳಿಗೆ ಎಂಟು ಅಡಿ, ಅಂದರೆ 2.4 ಮೀಟರ್ ಉದ್ದದ 6 ಡಿಬಿಯ ಫೈಬರ್ ಆಂಟೆನಾ ಹೊಂದುತ್ತದೆ. 9 ಡಿಬಿಯದ್ದು ಐದಾರು ಮೀಟರ್ ಉದ್ದ ಬರುತ್ತದೆ. ಬುಡದಲ್ಲಿ ಮಾತ್ರ ಹಿಡಿದರೆ ಸಾಲದು, ನಡುವೆ ಇನ್ನೊಂದು ಆಸರೆ ಬೇಕು. ಅದು ದೊಡ್ಡ ಹಡಗಿಗೆ, ಅಲುಗಾಡದ ದಡದ ನಿಲ್ದಾಣಕ್ಕೆ ಒಪ್ಪುವ ವಸ್ತು. ನಮ್ಮ ಬೋಟುಗಳಿಗೆ ನಾನು ಅದನ್ನು ಸೂಚಿಸುವುದಿಲ್ಲ.

ಪೊಟ್ಟಣದ ಮೇಲಿನ ಅಂಕಿಯ ಬಗ್ಗೆಯೂ ಒಂದು ಮಾತು. ಅರ್ಧ ಅಲೆಯ ಆಂಟೆನಾದ ನಿಜವಾದ ಗೇನ್, ಎಂದರೆ ಶಕ್ತಿಯನ್ನು ಒಂದೆಡೆಗೆ ಒಟ್ಟುಗೂಡಿಸುವ ಅಳತೆ, 2.15 ಡಿಬಿ, ಅದನ್ನು 3 ಎಂದು ಬರೆದು ಮಾರುವುದು ಈ ವ್ಯಾಪಾರದ ರೂಢಿ. ಅಷ್ಟನ್ನು ಸಹಿಸಿಕೊಳ್ಳಬಹುದು. ಆದರೆ ಒಂದು ಮೀಟರಿನ ಕಡ್ಡಿಯ ಮೇಲೆ 6 ಡಿಬಿ ಎಂದು ಬರೆದಿದ್ದರೆ ಅದನ್ನು ನಂಬಬೇಡಿ. ತರಂಗ ಒಂದು ಮಾರು ಇರುವಾಗ ರೊಟ್ಟಿ ತೆಳ್ಳಗಾಗಬೇಕಾದರೆ ಆಂಟೆನಾ ಉದ್ದವಾಗಲೇಬೇಕು. ಅಂಗಡಿಯಲ್ಲಿ ತೋಳು ಚಾಚಿ ಅಳೆದು ನೋಡಿದರೆ ಯಾವ ಮೀಟರೂ ಬೇಕಾಗುವುದಿಲ್ಲ.

ಈಗ ತಮ್ಮ ಕೈಯಿಂದ ಕೈಗೆ ದಾಟುತ್ತಿರುವ ಆ ಕೇಬಲ್ ತುಂಡಿಗೆ ಮರಳೋಣ. ಪೆನ್ಸಿಲಿಗಿಂತ ತೆಳುವಾದ ಆರ್‌ಜಿ-58 ಎಂಬ ಕೇಬಲ್ ಈ ತರಂಗಗಳಿಗೆ ಪ್ರತಿ ಮೀಟರಿಗೆ ಸುಮಾರು 0.2 ಡಿಬಿ ನಷ್ಟ ಮಾಡುತ್ತದೆ. ಕೇಳಲು ಏನೂ ಅಲ್ಲ ಎನಿಸುತ್ತದೆ. ಆದರೆ 15 ಮೀಟರ್ ಹಾಕಿದರೆ ನಷ್ಟ 3 ಡಿಬಿ, ಎಂದರೆ ಸರಿಯಾಗಿ ಅರ್ಧ. ವೈರ್‌ಲೆಸ್ಸಿನಿಂದ ಹೊರಟ 25 ವಾಟಿನಲ್ಲಿ ಹನ್ನೆರಡೂವರೆ ವಾಟ್ ಮಾತ್ರ ಆಂಟೆನಾ ಮುಟ್ಟುತ್ತದೆ, ಉಳಿದದ್ದು ಕೇಬಲನ್ನು ಬೆಚ್ಚಗೆ ಮಾಡುತ್ತದೆ. 3ರ ಬದಲು 6 ಡಿಬಿಯ ಆಂಟೆನಾಕ್ಕೆ ಕೊಟ್ಟ ಹೆಚ್ಚಿನ ಹಣವೆಲ್ಲ ಅಲ್ಲಿಗೆ ಕೇಬಲಿನಲ್ಲೇ ಕರಗಿತು. ಇದೇ ಜಾಗಕ್ಕೆ ಹೆಬ್ಬೆರಳಿನಷ್ಟಲ್ಲದಿದ್ದರೂ ಕಿರುಬೆರಳಿನಷ್ಟು ದಪ್ಪದ ಆರ್‌ಜಿ-213 ಹಾಕಿದರೆ ನಷ್ಟ ಅರ್ಧಕ್ಕೂ ಕಡಿಮೆಯಾಗುತ್ತದೆ, ಎಲ್‌ಎಂಆರ್-400ರಲ್ಲಿ ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. ಇದು ಹೋಗುವ ಮಾತಿಗೆ ಮಾತ್ರವಲ್ಲ, ಬರುವ ಮಾತಿಗೂ ಅನ್ವಯಿಸುತ್ತದೆ. ನನ್ನ ಪಾಲಿಗೆ ನಿಯಮ ಸರಳ: ಐದು ಮೀಟರಿನೊಳಗೆ ಯಾವ ಕೇಬಲ್ ಆದರೂ ನಡೆದೀತು, ಅದಕ್ಕಿಂತ ಹೆಚ್ಚಾದರೆ ದಪ್ಪ ಕೇಬಲ್ಲೇ ಬೇಕು.

ಟಿವಿ ಡಿಶ್‌ನ ಕೇಬಲ್ ಹಾಕಬಹುದೇ ಎಂದು ಕೇಳುವವರಿದ್ದಾರೆ. ಅದು 75 ಓಮ್‌ನದ್ದು, ನಮಗೆ ಬೇಕಾದದ್ದು 50 ಓಮ್‌ನದ್ದು. ಆದರೆ ಪ್ರಾಮಾಣಿಕವಾಗಿ ಹೇಳಬೇಕೆಂದರೆ ಆ ವ್ಯತ್ಯಾಸದಿಂದ ಆಗುವ ನಷ್ಟ ಕಾಗದದ ಮೇಲೆ ದೊಡ್ಡದೇನಲ್ಲ. ನಿಜವಾದ ತೊಂದರೆ ಬೇರೆ. ಅದರ ಹೊರ ಹೆಣಿಗೆ ಸಾಮಾನ್ಯವಾಗಿ ಅಲ್ಯೂಮಿನಿಯಂ. ಅದಕ್ಕೆ ಬೆಸುಗೆ ಹತ್ತುವುದಿಲ್ಲ, ನಮ್ಮ ಕನೆಕ್ಟರಿಗೆ ಅದು ಕೂರುವುದಿಲ್ಲ, ಉಪ್ಪುಗಾಳಿಗೆ ಅದು ತಾಮ್ರಕ್ಕಿಂತಲೂ ಬೇಗ ಬೂದಿಯಾಗುತ್ತದೆ.

ಕಿಲುಬಿನ ವಿಷಯದಲ್ಲಿ ಪರಿಹಾರವೂ ಅಜ್ಜಿಯ ಅಡುಗೆಮನೆಯಲ್ಲೇ ಇದೆ. ತಾಮ್ರದ ಪಾತ್ರೆಗೆ ಕಿಲುಬು ಹಿಡಿಯದಂತೆ ಕಲಾಯಿ ಹಾಕಿಸುತ್ತಿದ್ದರಲ್ಲವೇ? ಸಮುದ್ರಕ್ಕೆಂದೇ ತಯಾರಿಸಿದ ಕೇಬಲಿನ ತಾಮ್ರದ ಎಳೆಗಳಿಗೂ ಹಾಗೆಯೇ ತವರದ ಲೇಪ ಇರುತ್ತದೆ. ಕೊಳ್ಳುವಾಗ ತುದಿಯನ್ನು ಒಂದಿಂಚು ಸುಲಿಸಿ ನೋಡಿ. ಎಳೆಗಳು ಕೆಂಪಗಿದ್ದರೆ ಬರಿಯ ತಾಮ್ರ, ಬೆಳ್ಳಗಿದ್ದರೆ ಕಲಾಯಿ ಹಾಕಿದ್ದು. ಬೆಳ್ಳಗಿರುವುದನ್ನೇ ಆರಿಸಿ. ಆದರೆ ಕಲಾಯಿ ಇದ್ದರೂ ನೀರು ಒಳಗೆ ಹೋಗಬಾರದು. ನೀರು ಹೋಗುವುದು ಹೊದಿಕೆಯಿಂದಲ್ಲ, ಕೀಲುಗಳಿಂದ. ಆಂಟೆನಾದ ಬುಡದ ಕನೆಕ್ಟರಿಗೆ ಸರಿಯಾಗಿ ಬೆಸುಗೆ ಹಾಕಿಸಿ, ಅದರ ಮೇಲೆ ತನಗೆ ತಾನೇ ಅಂಟಿ ಒಂದಾಗುವ ರಬ್ಬರ್ ಟೇಪನ್ನು ಎಳೆದು ಸುತ್ತಿ, ಬಿಸಿಲಿಗೆ ಅದು ಹಾಳಾಗದಂತೆ ಅದರ ಮೇಲೆ ಸಾಮಾನ್ಯ ಕಪ್ಪು ಟೇಪ್ ಸುತ್ತಬೇಕು. ಕಿಟಕಿಗೆ ಬಳಿಯುವ, ಹುಳಿ ವಾಸನೆ ಬರುವ ಸಿಲಿಕೋನನ್ನು ಅಲ್ಲಿಗೆ ಹಾಕಲೇಬಾರದು, ಏಕೆಂದರೆ ಆ ವಾಸನೆಯೇ ಆಮ್ಲದ್ದು, ಅದು ತಾಮ್ರವನ್ನು ತಿನ್ನುತ್ತದೆ. ಕೇಬಲ್ ಕ್ಯಾಬಿನ್ನಿನ ಒಳಗೆ ನುಗ್ಗುವ ಮೊದಲು ಕೆಳಕ್ಕೆ ಒಂದು ಬಳುಕು ಬಿಟ್ಟರೆ ಮಳೆನೀರು ಅಲ್ಲಿಯೇ ತೊಟ್ಟಿಕ್ಕಿ ಹೋಗುತ್ತದೆ.

ಆಂಟೆನಾ ನಿಲ್ಲಿಸುವ ಜಾಗದ ಬಗ್ಗೆ ಹೇಳುವುದಾದರೆ, ಅದರ ಪಕ್ಕದಲ್ಲಿ ಅದಕ್ಕೆ ಸಮಾನಾಂತರವಾಗಿ ಕಬ್ಬಿಣದ ಕಂಬವಿದ್ದರೆ ಆ ದಿಕ್ಕಿಗೆ ನೆರಳು ಬೀಳುತ್ತದೆ. ಬಲೆ ಎತ್ತುವ ಚೌಕಟ್ಟಿಗೆ ತಾಗಿಸಿ ಆಂಟೆನಾ ಕಟ್ಟಿರುವ ಬೋಟುಗಳನ್ನು ದಕ್ಕೆಯಲ್ಲಿ ಈಗಲೂ ನೋಡಬಹುದು. ಒಂದು ಮಾರಿನಷ್ಟಾದರೂ ದೂರವಿರಲಿ, ಅಥವಾ ಆಂಟೆನಾದ ಬುಡವೇ ಕಂಬದ ತುದಿಗಿಂತ ಮೇಲಿರಲಿ. ಎಐಎಸ್ ಉಪಕರಣ (ಬೋಟಿನ ಗುರುತು ಮತ್ತು ಸ್ಥಾನವನ್ನು ತಾನಾಗಿಯೇ ಬಿತ್ತರಿಸುವಂಥದ್ದು) ಇದ್ದವರು ಅದಕ್ಕೆ ಬೇರೆಯೇ ಆಂಟೆನಾ ಇಟ್ಟು ಎರಡರ ನಡುವೆಯೂ ಇಷ್ಟೇ ಅಂತರ ಬಿಡುವುದು ಒಳ್ಳೆಯದು. ಸಣ್ಣ ಬೋಟುಗಳ ಎಐಎಸ್ ಸಾಮಾನ್ಯವಾಗಿ 2 ವಾಟಿನದ್ದಾದ್ದರಿಂದ ಕೇಬಲಿನಲ್ಲಿ ಕಳೆದುಕೊಳ್ಳಲು ಅದರ ಬಳಿ ಏನೂ ಇಲ್ಲ.

ಇನ್ನೊಂದು ಸಂಗತಿಯನ್ನು ನಾನೇ ಕಂಡದ್ದರಿಂದ ಹೇಳುತ್ತೇನೆ. ನಿಷೇಧದ ಈ 61 ದಿನಗಳಲ್ಲಿ ಬೋಟುಗಳಿಗೆ ಬಣ್ಣ ಬಳಿಯುವುದು ವಾಡಿಕೆ. ಒಂದು ವರ್ಷ ಆಗಸ್ಟ್ ಮೊದಲ ವಾರದಲ್ಲಿ ಹೊಸ ಕೇಬಲ್, ಹೊಸ ಕನೆಕ್ಟರ್, ಎಲ್ಲವೂ ಸರಿಯಿದ್ದ ಬೋಟಿನಲ್ಲಿ ವೈರ್‌ಲೆಸ್ ಮೂಕವಾಗಿತ್ತು. ಅರ್ಧ ದಿನ ಹುಡುಕಿ ಸೋತು ಕೆಳಗಿಳಿದು ದಕ್ಕೆಯಿಂದ ತಲೆಯೆತ್ತಿ ನೋಡಿದಾಗ ಆಂಟೆನಾ ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು. ಕಂಬಕ್ಕೆ ಬೆಳ್ಳಿ ಬಣ್ಣ ಬಳಿದ ಹುಡುಗ ಉಳಿದ ಬಣ್ಣವನ್ನು ಆಂಟೆನಾಕ್ಕೂ ಶ್ರದ್ಧೆಯಿಂದ ಎರಡು ಕೈ ಬಳಿದಿದ್ದ. ಆ ಬಣ್ಣದಲ್ಲಿರುವುದು ಅಲ್ಯೂಮಿನಿಯಂ ಪುಡಿ. ಆಂಟೆನಾಕ್ಕೆ ಲೋಹದ ಅಂಗಿ ತೊಡಿಸಿದಂತಾಗಿತ್ತು. ಫೈಬರಿನ ಮೇಲ್ಮೈ ಬಿಸಿಲಿಗೆ ಸುಣ್ಣದಂತೆ ಪುಡಿಯೇಳುತ್ತಿದ್ದರೆ, ಕೈಗೆ ಎಳೆಗಳು ಚುಚ್ಚುತ್ತಿದ್ದರೆ ಲೋಹವಿಲ್ಲದ ಬಣ್ಣವನ್ನು ತೆಳ್ಳಗೆ ಬಳಿಯಬಹುದು, ಆದರೆ ಬಿರುಕು ಬಿಟ್ಟಿದ್ದರೆ ಬದಲಿಸುವುದೇ ಮೇಲು.

ಅಳೆದು ನೋಡುವ ಬಗ್ಗೆ ಎರಡು ಎಚ್ಚರಿಕೆಗಳಿವೆ. ಎಸ್‌ಡಬ್ಲ್ಯೂಆರ್ ಮೀಟರ್ (ಆಂಟೆನಾ ಸ್ವೀಕರಿಸದೆ ಹಿಂದಿರುಗಿಸುವ ಶಕ್ತಿಯನ್ನು ಸೂಚಿಸುವ ಉಪಕರಣ) 1.5 ತೋರಿಸಿದರೆ ನೂರಕ್ಕೆ 4ರಷ್ಟು, 2 ತೋರಿಸಿದರೆ 11ರಷ್ಟು, 3 ತೋರಿಸಿದರೆ 25ರಷ್ಟು ಶಕ್ತಿ ಹಿಂದಿರುಗುತ್ತಿದೆ ಎಂದರ್ಥ. 2ರ ಒಳಗಿದ್ದರೆ ಸಾಕು ಎನ್ನುತ್ತಾರೆ, ಒಪ್ಪೋಣ. ಆದರೆ ಮೀಟರನ್ನು ಎಲ್ಲಿ ಹಾಕಿ ನೋಡಿದಿರಿ ಎಂಬುದು ಮುಖ್ಯ. 15 ಮೀಟರ್ ತೆಳು ಕೇಬಲಿನ ಆಚೆ ತುದಿಯಲ್ಲಿ ಆಂಟೆನಾ ಪೂರ್ತಿ ಮುರಿದಿದ್ದರೂ, ಹೋಗುವಾಗ ಅರ್ಧ, ಬರುವಾಗ ಅರ್ಧ ಶಕ್ತಿಯನ್ನು ಕೇಬಲ್ ನುಂಗುವುದರಿಂದ, ವೈರ್‌ಲೆಸ್ ಬಳಿಯ ಮೀಟರ್ ಕೇವಲ 3 ತೋರಿಸುತ್ತದೆ. ಕೇಬಲ್ ಕೆಟ್ಟಷ್ಟೂ ಮೀಟರ್ ನಗುತ್ತದೆ! ಹಾಗಾಗಿ ಒಮ್ಮೆಯಾದರೂ ಮೀಟರನ್ನು ಆಂಟೆನಾದ ಬುಡದಲ್ಲೇ ಜೋಡಿಸಿ ನೋಡಬೇಕು. ಪರೀಕ್ಷೆಯನ್ನು 16ನೇ ಚಾನೆಲಿನಲ್ಲಿ ಮಾಡದೆ ಖಾಲಿಯಿರುವ ಬೇರೆ ಚಾನೆಲಿನಲ್ಲಿ ಮಾಡಬೇಕು. ಇನ್ನೊಂದು ಎಚ್ಚರಿಕೆ ಮಲ್ಟಿಮೀಟರ್ ಬಳಸುವವರಿಗೆ. ಹಲವು ಆಂಟೆನಾಗಳ ಬುಡದಲ್ಲಿ ಸುರುಳಿಯಿರುವುದರಿಂದ ಒಳತಂತಿ ಮತ್ತು ಹೊರ ಹೆಣಿಗೆಯ ನಡುವೆ ಮೀಟರ್ ಸೊನ್ನೆ ಓಮ್ ತೋರಿಸುತ್ತದೆ. ಅದು ಶಾರ್ಟ್ ಅಲ್ಲ, ತಯಾರಿಕೆಯೇ ಹಾಗೆ. ಒಳ್ಳೆಯ ಆಂಟೆನಾವನ್ನು ಹೀಗೆ ನೋಡಿ ಎಸೆದವರನ್ನು ನಾನು ಬಲ್ಲೆ.

ಮಾತು ಮುಗಿದ ಮೇಲೆ ಹಿರಿಯ ತಂಡೇಲರೊಬ್ಬರು, "ಸಾರ್, ತೂಫಾನಿನಲ್ಲಿ ಕಂಬವೇ ಮುರಿದು ಬಿದ್ದರೆ ನಿಮ್ಮ ಎತ್ತರವೂ ಹೋಯಿತು, ಕೇಬಲ್ಲೂ ಹೋಯಿತು, ಆಗ?" ಎಂದು ಕೇಳಿದರು. ಸಭೆಯಲ್ಲಿ ಕೇಳಬಹುದಾದ ಅತ್ಯುತ್ತಮ ಪ್ರಶ್ನೆ ಅದೇ ಆಗಿತ್ತು. ಒಂದು ಮೀಟರಿನ ಆಂಟೆನಾ ಒಂದನ್ನು, ಐದು ಮೀಟರ್ ಕೇಬಲ್ ಮತ್ತು ಬೆಸುಗೆ ಹಾಕಿದ ಕನೆಕ್ಟರ್ ಸಮೇತ, ಪ್ಲಾಸ್ಟಿಕ್ ಪೈಪಿನಲ್ಲಿಟ್ಟು ಎರಡೂ ಬಾಯಿ ಮುಚ್ಚಿ ಕ್ಯಾಬಿನ್ ಮಾಡಿನ ಒಳಮಗ್ಗುಲಿಗೆ ಕಟ್ಟಿಡಲು ಅವರಿಗೆ ಹೇಳಿದೆ. ಕನೆಕ್ಟರನ್ನು ಬಿಚ್ಚಿ ತಿರುಗಿಸಲು ಇಕ್ಕಳ ಬೇಕಾದರೆ ಅದನ್ನೂ ಅದೇ ಪೈಪಿನೊಳಗೆ ಇಡಬೇಕು, ಮತ್ತು ಈ ತಿಂಗಳ ಕೊನೆಯೊಳಗೆ ಬೋಟಿನ ಕೆಲಸಗಾರರಲ್ಲಿ ಒಬ್ಬ ಕಲಾಸಿಯಾದರೂ ದೀಪ ಆರಿಸಿದ ಕ್ಯಾಬಿನ್ನಿನಲ್ಲಿ ಅದನ್ನು ವೈರ್‌ಲೆಸ್ಸಿಗೆ ಒಮ್ಮೆ ಜೋಡಿಸಿ ನೋಡಿರಬೇಕು.